ಚರ್ಚಿಗೂ ಚಾರ್ಟಿಗೂ ನಡುವೆ: ಸ್ವತಂತ್ರ ಕ್ರೈಸ್ತ ರಾಕ್ ಬ್ಯಾಂಡ್ ಬದುಕುವ ಬಗೆ

2010ರ ಈಸ್ಟರ್ ವಾರದಲ್ಲಿ ಬ್ರಿಟನ್ನಿನ ಸಿಂಗಲ್ಸ್ ಚಾರ್ಟಿನ, ಅಂದರೆ ಬಿಡಿ ಹಾಡುಗಳ ಮಾರಾಟದ ವಾರದ ಪಟ್ಟಿಯ, ನಾಲ್ಕನೇ ಸ್ಥಾನಕ್ಕೆ ‘ಹಿಸ್ಟರಿ ಮೇಕರ್’ ಎಂಬ ಹಾಡು ಬಂತು. ಅದನ್ನು ಹಾಡಿದ ಬ್ಯಾಂಡ್ ನಾಲ್ಕು ತಿಂಗಳ ಹಿಂದೆಯೇ ಮುಗಿದುಹೋಗಿತ್ತು. ಹಾಡು ಆಲ್ಬಮ್‌ನಲ್ಲಿ ಬಂದದ್ದು 1997ರಲ್ಲಿ. ಫೇಸ್‌ಬುಕ್‌ನಲ್ಲಿ ಸೇರಿಕೊಂಡ ಅಭಿಮಾನಿಗಳು ‘ಈಸ್ಟರ್ ವಾರದಲ್ಲಿ ಎಲ್ಲರೂ ಈ ಹಾಡನ್ನು ಕೊಳ್ಳೋಣ’ ಎಂದು ಮಾತಾಡಿಕೊಂಡರು, ಹಾಗೆಯೇ ಕೊಂಡರು. ಹದಿಮೂರು ವರ್ಷ ಹಳೆಯ ಭಕ್ತಿಗೀತೆಯೊಂದು ಆ ವಾರದ ಪಾಪ್ ತಾರೆಯರ ಸಾಲಿನಲ್ಲಿ ಹೋಗಿ ನಿಂತಿತು.

ಬ್ಯಾಂಡಿನ ಹೆಸರು ಡಿಲೀರಿಯಸ್? ಕೊನೆಯ ಪ್ರಶ್ನಾರ್ಥಕ ಚಿಹ್ನೆಯೂ ಹೆಸರಿನ ಭಾಗವೇ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲಿಟಲ್‌ಹ್ಯಾಂಪ್ಟನ್ ಎಂಬ ಊರಿನ ಚರ್ಚಿನಲ್ಲಿ ಹುಟ್ಟಿದ ಈ ಐವರ ತಂಡ, ತನ್ನದೇ ಲೇಬಲ್, ಅಂದರೆ ಹಾಡು ಹೊರತರುವ ಸ್ವಂತ ಸಂಸ್ಥೆ, ಕಟ್ಟಿಕೊಂಡು ಹದಿಮೂರು ವರ್ಷ ಪೂರ್ತಿ ಸಂಗೀತದಿಂದಲೇ ಬದುಕಿತು. 2009ರ ನವೆಂಬರ್ 29ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಅಪೊಲೊದಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ವಿದಾಯ ಹೇಳಿತು. ಅವರ ದಾರಿ ಹಿಡಿದು ಹೊರಟರೆ, ಸ್ವತಂತ್ರ ಕ್ರೈಸ್ತ ಪಾಪ್-ರಾಕ್ ಬ್ಯಾಂಡಿನ ಹಣಕಾಸು ಹೇಗೆ ನಡೆಯುತ್ತದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮಾಮೂಲಿ ರಾಕ್ ಲೋಕದಲ್ಲಿ ‘ಸ್ವತಂತ್ರ’ ಅಂದರೆ ದೊಡ್ಡ ರೆಕಾರ್ಡ್ ಕಂಪನಿಯ ಜೊತೆ ಕರಾರು ಇಲ್ಲ ಎಂದಷ್ಟೇ. ಕ್ರೈಸ್ತ ಬ್ಯಾಂಡಿಗೆ ಇಷ್ಟು ಸಾಲದು. ಕಂಪನಿಯನ್ನು ಬಿಟ್ಟರೂ ಪುಸ್ತಕದಂಗಡಿ ಇದೆ, ಕ್ರೈಸ್ತ ರೇಡಿಯೊ ಇದೆ, ಕಾರ್ಯಕ್ರಮಕ್ಕೆ ಜಾಗ ಕೊಡುವ ಚರ್ಚ್ ಇದೆ, ಹಾಡಿನ ಸಾಲುಗಳನ್ನು ಸತ್ಯವೇದದ ಪಕ್ಕ ಇಟ್ಟು ತೂಗಿ ನೋಡುವ ಕೇಳುಗರಿದ್ದಾರೆ. ಇವರಲ್ಲಿ ಒಬ್ಬೊಬ್ಬರ ಕೈಯಲ್ಲೂ ಬ್ಯಾಂಡಿನ ಅನ್ನದ ಒಂದು ಪಾಲಿದೆ. ಹಾಗಾಗಿ ಕಂಪನಿ ಇದೆಯೋ ಇಲ್ಲವೋ ಎಂದು ಕೇಳಿ ಸುಮ್ಮನಾಗುವ ಹಾಗಿಲ್ಲ. ಹಾಡು ಯಾರದ್ದು, ಅದನ್ನು ತಡೆಯುವ ಶಕ್ತಿ ಯಾರಿಗಿದೆ ಎಂದೂ ಕೇಳಬೇಕಾಗುತ್ತದೆ.

ಎರಡು ಮಾರುಕಟ್ಟೆಗಳು

1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹಿಪ್ಪಿ ಯುವಜನರಲ್ಲಿ ಸಾವಿರಾರು ಮಂದಿ ಯೇಸುವಿನ ಕಡೆ ತಿರುಗಿದರು. ‘ಜೀಸಸ್ ಮೂವ್‌ಮೆಂಟ್’ ಎಂದು ಕರೆಯುವ ಈ ಅಲೆಯಲ್ಲಿ ಬಂದವರು ತಮ್ಮ ಗಿಟಾರುಗಳನ್ನು ಹೊರಗೆ ಬಿಟ್ಟು ಬರಲಿಲ್ಲ. 1969ರಲ್ಲಿ ಲ್ಯಾರಿ ನಾರ್ಮನ್ ಅವರ ಕ್ರೈಸ್ತ ರಾಕ್ ಆಲ್ಬಮ್ಮನ್ನು ಕ್ಯಾಪಿಟಲ್ ರೆಕಾರ್ಡ್ಸ್ ಹೊರತಂದಿತು. ಈ ಬಗೆಯ ಮೊಟ್ಟಮೊದಲ ಆಲ್ಬಮ್‌ಗಳಲ್ಲಿ ಅದೂ ಒಂದು. ಕೋಸ್ಟಾ ಮೆಸಾದ ಕ್ಯಾಲ್ವರಿ ಚಾಪೆಲ್ ಎಂಬ ಚರ್ಚ್ ತನ್ನಲ್ಲಿಗೆ ಬರುತ್ತಿದ್ದ ಹುಡುಗರ ಹಾಡುಗಳಿಗಾಗಿಯೇ 1971ರಲ್ಲಿ ಮಾರನಾಥ ಮ್ಯೂಸಿಕ್ ಎಂಬ ಸಂಗೀತ ಸಂಸ್ಥೆ ಆರಂಭಿಸಿತು.

ತೊಂದರೆ ಎರಡೂ ಕಡೆಯಿಂದ ಬಂತು. ಯೇಸುವಿನ ಹೆಸರೆತ್ತುವ ಹಾಡು ಸಾಮಾನ್ಯ ರೇಡಿಯೊಕ್ಕೆ ಬೇಡವಾಗಿತ್ತು. ಚರ್ಚಿನ ಹಿರಿಯರಲ್ಲಿ ಬಹಳ ಮಂದಿಗೆ ಡ್ರಮ್ಸ್ ಅಂದರೇ ಆಗದು. ನಡುವೆ ಉಳಿದ ಒಂದೇ ಜಾಗ ಕ್ರೈಸ್ತ ಪುಸ್ತಕದಂಗಡಿ. ಬೈಬಲ್, ಶುಭಾಶಯ ಪತ್ರ, ಭಾನುವಾರ ಶಾಲೆಯ ಪುಸ್ತಕಗಳ ಪಕ್ಕದಲ್ಲೇ ರೆಕಾರ್ಡುಗಳೂ ಮಾರಾಟಕ್ಕೆ ಕುಳಿತವು. ಟೆಕ್ಸಸ್‌ನ ವೇಕೋದಲ್ಲಿ 1951ರಲ್ಲಿ ಶುರುವಾಗಿದ್ದ ವರ್ಡ್ ರೆಕಾರ್ಡ್ಸ್, 1976ರಲ್ಲಿ ಹುಟ್ಟಿದ ಸ್ಪ್ಯಾರೋ ರೆಕಾರ್ಡ್ಸ್ ಇವೆಲ್ಲ ಬೆಳೆದದ್ದು ಈ ಅಂಗಡಿಗಳನ್ನು ನೆಚ್ಚಿಕೊಂಡು.

ಹೀಗೆ ಮುಖ್ಯ ಮಾರುಕಟ್ಟೆಯ ಪಕ್ಕದಲ್ಲೇ ಇನ್ನೊಂದು ಮಾರುಕಟ್ಟೆ ಬೆಳೆಯಿತು. ಅಲ್ಲಿ ಕೊಳ್ಳುವವರು ಗ್ಯಾರಂಟಿ, ಆದರೆ ಹೊರಗಿನವರಿಗೆ ಅದು ಇದೆ ಅಂತಲೇ ಗೊತ್ತಿಲ್ಲ. ಅಂಗಡಿಯವರು ಒಪ್ಪದ ಮುಖಪುಟಕ್ಕೆ, ಒಪ್ಪದ ಸಾಲಿಗೆ ಕಪಾಟಿನಲ್ಲಿ ಜಾಗವಿಲ್ಲ. 1990ರ ದಶಕದಲ್ಲಿ ದೊಡ್ಡ ಕಂಪನಿಗಳು ಈ ಲೋಕವನ್ನು ಕೊಂಡುಕೊಳ್ಳತೊಡಗಿದವು. ಸ್ಪ್ಯಾರೋ 1992ರಲ್ಲಿ ಇಎಂಐ ಪಾಲಾಯಿತು. ವರ್ಡ್ ಕೈಯಿಂದ ಕೈಗೆ ದಾಟಿ 2002ರಲ್ಲಿ ವಾರ್ನರ್ ಸೇರಿತು. ಅಷ್ಟರಲ್ಲಿ ಬ್ಯಾಂಡುಗಳಿಗೆ ಎರಡೂ ಮಾರುಕಟ್ಟೆಗಳ ಬಾಗಿಲು ತೆರೆಯುವ ಆಸೆ ಹುಟ್ಟಿತ್ತು. ಇಲಿನಾಯ್‌ನ ಗ್ರೀನ್‌ವಿಲ್ ಕಾಲೇಜಿನ ವಿದ್ಯಾರ್ಥಿಗಳ ಬ್ಯಾಂಡ್ ಜಾರ್ಸ್ ಆಫ್ ಕ್ಲೇ, 1994ರಲ್ಲಿ ನ್ಯಾಶ್‌ವಿಲ್‌ನ ಗಾಸ್ಪೆಲ್ ಮ್ಯೂಸಿಕ್ ಅಸೋಸಿಯೇಷನ್ ನಡೆಸಿದ ಸ್ಪರ್ಧೆಯೊಂದರಲ್ಲಿ ಗೆದ್ದು ಬೆಳಕಿಗೆ ಬಂತು. ಎರಡೇ ವರ್ಷಕ್ಕೆ ಅವರ ಹಾಡು ಸಾಮಾನ್ಯ ರಾಕ್ ರೇಡಿಯೊದಲ್ಲೂ ಬಂದು ಅಮೆರಿಕದ ಬಿಲ್‌ಬೋರ್ಡ್ ಹಾಡುಗಳ ಪಟ್ಟಿಯ ಮೊದಲ ನಲವತ್ತರೊಳಗೆ ಹೊಕ್ಕಿತು.

ಈ ದಾಟುವಿಕೆಗೆ ಸುಂಕವೂ ಇತ್ತು. ಸಿಕ್ಸ್‌ಪೆನ್ಸ್ ನನ್ ದ ರಿಚರ್ ಬ್ಯಾಂಡಿನ ‘ಕಿಸ್ ಮಿ’ 1999ರಲ್ಲಿ ಬಿಲ್‌ಬೋರ್ಡ್‌ನ ಎರಡನೇ ಸ್ಥಾನದವರೆಗೆ ಏರಿತು. ಅದು ಸರಳವಾದ ಪ್ರೇಮಗೀತೆ. ಅದೇ ಸಮಯಕ್ಕೆ ಗಾಸ್ಪೆಲ್ ಮ್ಯೂಸಿಕ್ ಅಸೋಸಿಯೇಷನ್ ತನ್ನ ಡವ್ ಪ್ರಶಸ್ತಿಗೆ ಯಾವ ಹಾಡು ಅರ್ಹ ಎಂಬ ನಿಯಮ ಬರೆದುಕೊಂಡಿತ್ತು: ಸಾಹಿತ್ಯ ಬೈಬಲ್ಲಿನ ಸತ್ಯವನ್ನು ಆಧರಿಸಿರಬೇಕು, ದೇವರ ಸ್ತುತಿಯಾಗಿರಬೇಕು, ಇಲ್ಲವೇ ಕ್ರೈಸ್ತ ದೃಷ್ಟಿಯಿಂದ ಹೊಮ್ಮಿರಬೇಕು. ಕ್ರೈಸ್ತ ಬ್ಯಾಂಡೊಂದು ಆ ವರ್ಷ ಜಗತ್ತಿಗೆಲ್ಲ ಕೇಳಿಸಿದ ಹಾಡು ಈ ನಿಯಮದಡಿ ಪ್ರಶಸ್ತಿಗೆ ಅನರ್ಹವಾಯಿತು. ಗಂಡಹೆಂಡಿರ ಒಲವೂ ದೇವರು ಕೊಟ್ಟದ್ದೇ ಎಂದು ನಂಬುವ ಸಮುದಾಯದಲ್ಲಿ ಪ್ರೇಮಗೀತೆಯನ್ನು ಹೊರಗಿಡುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಮೊದಲು ಬಾಗಿಲು ಮುರಿದವರು

ಇದಕ್ಕೆಲ್ಲ ಬಹಳ ಮುಂಚೆ ಕೀತ್ ಗ್ರೀನ್ ಎಂಬ ಪಿಯಾನೊ ವಾದಕ-ಗಾಯಕ ಇನ್ನೊಂದು ದಾರಿ ತೋರಿಸಿದ್ದರು. ಸ್ಪ್ಯಾರೋದ ದೊಡ್ಡ ಹೆಸರುಗಳಲ್ಲಿ ಅವರದ್ದೂ ಒಂದು. ಸುವಾರ್ತೆಯನ್ನು ಬೆಲೆ ಕಟ್ಟಿ ಮಾರುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಕರಾರಿನಿಂದ ಬಿಡಿಸಿಕೊಂಡು, ಮನೆಯನ್ನು ಅಡವಿಟ್ಟು, 1980ರಲ್ಲಿ ತಮ್ಮದೇ ಲೇಬಲ್ಲಿನಿಂದ ಆಲ್ಬಮ್ ತಂದರು. ಬೆಲೆ ಕೊಳ್ಳುವವರ ಇಷ್ಟ, ಕೈಲಾಗದವರಿಗೆ ಬಿಟ್ಟಿ. ಆ ಆಲ್ಬಮ್ಮಿನ ಒಂದು ಹಾಡಿಗೆ ಹಾರ್ಮೋನಿಕಾ ನುಡಿಸಿದವರು ಬಾಬ್ ಡಿಲನ್. ಎರಡು ವರ್ಷದೊಳಗೆ 2 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು, ಅದರಲ್ಲಿ ಸುಮಾರು 61,000 ಪ್ರತಿಗಳು ದುಡ್ಡಿಲ್ಲದೆ. 1982ರ ಜುಲೈ 28ರಂದು ಟೆಕ್ಸಸ್‌ನಲ್ಲಿ ನಡೆದ ವಿಮಾನ ಅಪಘಾತದಲ್ಲಿ ಕೀತ್ ಗ್ರೀನ್ ತೀರಿಕೊಂಡಾಗ ವಯಸ್ಸು ಬರೀ 28.

ಈ ಲೆಕ್ಕವನ್ನು ತಿರುವಿಹಾಕಿ ನೋಡಿದರೆ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಜನ ಏನಾದರೂ ಕೊಟ್ಟೇ ಕೊಂಡರು. ಕೇಳುಗರನ್ನು ನಂಬಿದರೆ ಅವರು ಕೈಬಿಡುವುದಿಲ್ಲ ಎಂಬುದಕ್ಕೆ ಇಂಟರ್ನೆಟ್ಟಿಗೂ ಮುಂಚಿನ ಗಟ್ಟಿ ಸಾಕ್ಷಿ ಇದು. ಮುಂದೆ ಬಂದ ಸ್ವತಂತ್ರ ಕ್ರೈಸ್ತ ಬ್ಯಾಂಡುಗಳೆಲ್ಲ ನೆಚ್ಚಿಕೊಂಡದ್ದು ಈ ವಿಶ್ವಾಸವನ್ನೇ.

ಲಿಟಲ್‌ಹ್ಯಾಂಪ್ಟನ್ ಹುಡುಗರು

1992ರಲ್ಲಿ ಲಿಟಲ್‌ಹ್ಯಾಂಪ್ಟನ್ನಿನ ಚರ್ಚ್ ಯುವಜನರಿಗಾಗಿ ‘ಕಟಿಂಗ್ ಎಡ್ಜ್’ ಎಂಬ ಆರಾಧನಾ ಕೂಟ ಶುರುಮಾಡಿತು. ಅಲ್ಲಿ ನುಡಿಸಲು ಸೇರಿದವರು ವೃತ್ತಿಪರ ಸಂಗೀತಗಾರರೇನಲ್ಲ. ಹಾಡುಗಾರ ಮಾರ್ಟಿನ್ ಸ್ಮಿತ್ ಸ್ಟುಡಿಯೊದಲ್ಲಿ ಧ್ವನಿಮುದ್ರಣ ಎಂಜಿನಿಯರ್. ಡ್ರಮ್ಸ್‌ನ ಸ್ಟೂವರ್ಟ್ ಸ್ಮಿತ್ ಗ್ರಾಫಿಕ್ ಡಿಸೈನರ್. ಕೀಬೋರ್ಡಿಗೆ ಟಿಮ್ ಜಪ್. ಗಿಟಾರಿಗೆ ಸ್ಟೂ ಗರಾರ್ಡ್, ಬೇಸ್‌ಗೆ ಜಾನ್ ಥ್ಯಾಚರ್ ಆಮೇಲೆ ಜೊತೆಯಾದರು. ಧ್ವನಿಮುದ್ರಣ ಬಲ್ಲವರೂ ಮುಖಪುಟ ಮಾಡಬಲ್ಲವರೂ ತಂಡದೊಳಗೇ ಇದ್ದರೆ ಕ್ಯಾಸೆಟ್ ತರುವ ಖರ್ಚು ಎಷ್ಟು ಇಳಿಯುತ್ತದೆ ಎಂದು ಯೋಚಿಸಿ. 1993ರಿಂದ 1995ರ ನಡುವೆ ಕೂಟದ ಹೆಸರಿನಲ್ಲೇ ನಾಲ್ಕು ಪುಟ್ಟ ಕ್ಯಾಸೆಟ್‌ಗಳು ಬಂದವು. ಕೂಟಕ್ಕೆ ಬಂದವರು ಕೊಂಡರು, ತಮ್ಮ ಚರ್ಚಿಗೆ ಒಯ್ದರು, ಅಲ್ಲಿ ಹಾಡಿದರು. ಆ ಚರ್ಚುಗಳಿಗೆ ಹಾಡು ಮೊದಲು ಮುಟ್ಟಿತು, ಬ್ಯಾಂಡು ಹೋದದ್ದು ಆಮೇಲೆ.

1995ರಲ್ಲಿ ಮಾರ್ಟಿನ್ ಓಡಿಸುತ್ತಿದ್ದ ಕಾರು ಅಪಘಾತಕ್ಕೆ ಈಡಾಯಿತು. ಪತ್ನಿ ಆನಾ ಮತ್ತು ಜಾನ್ ಥ್ಯಾಚರ್ ಕೂಡ ಅದರಲ್ಲಿದ್ದರು. ಮೂವರೂ ಬದುಕಿದರು, ಮಾರ್ಟಿನ್ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಬ್ಯಾಂಡನ್ನೇ ಪೂರ್ತಿ ಕಸುಬು ಮಾಡಿಕೊಳ್ಳುವ ಯೋಚನೆ ಬಲವಾದದ್ದು ಆ ಹಾಸಿಗೆಯ ಮೇಲೆ. 1996ರ ಏಪ್ರಿಲ್ 1ರಂದು ಐವರೂ ಬೇರೆ ಕೆಲಸ ಬಿಟ್ಟರು. ಹೆಸರು ಡಿಲೀರಿಯಸ್? ಆಯಿತು, ಲೇಬಲ್ಲಿಗೆ ಫ್ಯೂರಿಯಸ್? ರೆಕಾರ್ಡ್ಸ್ ಎಂದು ಹೆಸರಿಟ್ಟರು.

ಮುಂದಿನ ಹೆಜ್ಜೆ ನನಗೆ ಬಹಳ ಮೆಚ್ಚುಗೆ. ಬ್ರಿಟನ್ನಿನ ಚಾರ್ಟ್ ಲೆಕ್ಕ ಹಾಕುತ್ತಿದ್ದುದು ಸಾಮಾನ್ಯ ರೆಕಾರ್ಡ್ ಅಂಗಡಿಗಳ ಮಾರಾಟದಿಂದ. ಕ್ರೈಸ್ತ ಪುಸ್ತಕದಂಗಡಿಯಲ್ಲಿ ಎಷ್ಟೇ ಮಾರಿದರೂ ಆ ಪ್ರತಿಗಳು ಚಾರ್ಟಿಗೆ ಕಾಣುತ್ತಿರಲಿಲ್ಲ. ಡಿಲೀರಿಯಸ್? ತನ್ನ ಸಿಂಗಲ್‌ಗಳನ್ನು ಸಾಮಾನ್ಯ ಅಂಗಡಿಗಳಿಗೇ ಕಳಿಸಿತು. ಕೂಟಗಳಲ್ಲಿ ಬೆಳೆಸಿಕೊಂಡಿದ್ದ ಕೇಳುಗರು ಅಲ್ಲಿಗೇ ಹೋಗಿ ಕೊಂಡರು. 1997ರಲ್ಲಿ ‘ಡೀಪರ್’ 20ನೇ ಸ್ಥಾನಕ್ಕೆ ಬಂತು. ಅದೇ ವರ್ಷ ‘ಕಿಂಗ್ ಆಫ್ ಫೂಲ್ಸ್’ ಆಲ್ಬಮ್ ಆಲ್ಬಮ್‌ಗಳ ಪಟ್ಟಿಯಲ್ಲಿ 13ಕ್ಕೆ ಏರಿತು. ರೇಡಿಯೊದ ಬೆಂಬಲ ಹೆಚ್ಚೇನೂ ಇಲ್ಲದೆ, ಸ್ವಂತ ಲೇಬಲ್ಲಿನಿಂದ, ಮರೆಮಾಚದ ಭಕ್ತಿಗೀತೆಗಳನ್ನು ಇಟ್ಟುಕೊಂಡು.

ಅಮೆರಿಕದ ವಿಷಯದಲ್ಲಿ ಬೇರೆ ಲೆಕ್ಕ. ಅಷ್ಟು ದೊಡ್ಡ ದೇಶದಲ್ಲಿ ಅಂಗಡಿ ಅಂಗಡಿಗೆ ಸಿಡಿ ಮುಟ್ಟಿಸುವುದು ಐವರಿಂದ ಆಗದ ಕೆಲಸ. ಅಲ್ಲಿ ಅವರ ಆಲ್ಬಮ್‌ಗಳು ಸ್ಪ್ಯಾರೋ ಮೂಲಕ ಬಂದವು. ಸ್ವತಂತ್ರ ಬ್ಯಾಂಡ್ ಅಂದರೆ ಕಂಪನಿಗಳ ಮುಖವನ್ನೇ ನೋಡದ ಬ್ಯಾಂಡ್ ಎಂದು ತಿಳಿಯಬೇಕಿಲ್ಲ. ಎಲ್ಲಿ ತಾನೇ ಮಾಡುವುದು, ಎಲ್ಲಿ ಇನ್ನೊಬ್ಬರ ಹೆಗಲು ಪಡೆಯುವುದು ಎಂದು ತಾನೇ ತೀರ್ಮಾನಿಸುವ ಬ್ಯಾಂಡ್ ಎಂದರೆ ಸರಿ.

ಪರದೆಯ ಅಡಿಯಲ್ಲಿನ ಸಣ್ಣಕ್ಷರ

ಈಗ ಹಣದ ಮೂಲಕ್ಕೆ ಬರೋಣ. ಪ್ರತಿ ಹಾಡಿನಲ್ಲೂ ಎರಡು ಬೇರೆ ಬೇರೆ ಆಸ್ತಿಗಳಿವೆ. ಒಂದು ರಚನೆ, ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು ಮಾಸ್ಟರ್, ಅಂದರೆ ಸ್ಟುಡಿಯೊದಲ್ಲಿ ಮಾಡಿದ ಆ ನಿರ್ದಿಷ್ಟ ಧ್ವನಿಮುದ್ರಣ. ರೆಕಾರ್ಡ್ ಕಂಪನಿ ಸಾಮಾನ್ಯವಾಗಿ ಮಾಸ್ಟರ್ ತನ್ನದೆಂದು ಬರೆಸಿಕೊಳ್ಳುತ್ತದೆ, ಬದಲಿಗೆ ಮುಂಗಡ ಕೊಡುತ್ತದೆ. ಆ ಮುಂಗಡ ಸಾಲದ ಹಾಗೆ: ಸ್ಟುಡಿಯೊ ಖರ್ಚು, ವಿಡಿಯೊ ಖರ್ಚು ಎಲ್ಲ ಬ್ಯಾಂಡಿನ ರಾಯಲ್ಟಿಯಿಂದಲೇ, ಅಂದರೆ ಮಾರಾಟದಲ್ಲಿ ಅದಕ್ಕೆ ಸಲ್ಲುವ ಪಾಲಿನಿಂದಲೇ, ವಜಾ ಆಗುತ್ತಾ ಹೋಗುತ್ತದೆ. ಅದು ತೀರುವ ತನಕ ಮಾರಾಟದಿಂದ ಬ್ಯಾಂಡಿಗೆ ಕಾಸೂ ಸಿಗುವುದಿಲ್ಲ. ತೀರಿದ ಮೇಲೂ ಮಾಸ್ಟರ್ ಕಂಪನಿಯದ್ದೇ. ಸಾಲ ತೀರಿಸಿದ ಮೇಲೂ ಮನೆ ಬ್ಯಾಂಕಿನ ಹೆಸರಿನಲ್ಲೇ ಉಳಿದ ಹಾಗೆ.

ರಚನೆಯ ಹಕ್ಕು ಬರೆದವರ ಕಡೆಗೆ ಬರುತ್ತದೆ, ಪ್ರಕಾಶನ ಸಂಸ್ಥೆ ಇದ್ದರೆ ಅದಕ್ಕೊಂದು ಪಾಲು. ಯಾರೇ ಹಾಡಿ ಮುದ್ರಿಸಿದರೂ ರಚನೆಕಾರರಿಗೆ ಹಣ ಬರುತ್ತದೆ. ಬೇರೆಲ್ಲೂ ಇಲ್ಲದ ಒಂದು ಆದಾಯ ಕ್ರೈಸ್ತ ಸಂಗೀತದಲ್ಲಿ ಇಲ್ಲಿಂದಲೇ ಹುಟ್ಟುತ್ತದೆ.

ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ಆರಾಧನೆಗೆ ವಿನಾಯಿತಿ ಇದೆ. ಭಾನುವಾರದ ಆರಾಧನೆಯಲ್ಲಿ ಹಾಡನ್ನು ಹಾಡಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಆದರೆ ಹಾಡಿನ ಸಾಲುಗಳನ್ನು ಕಾಗದದ ಮೇಲೆ ಮುದ್ರಿಸಿ ಹಂಚಿದರೆ, ಪರದೆಯ ಮೇಲೆ ತೋರಿಸಿದರೆ ಅದು ಪ್ರತಿ ಮಾಡಿದಂತೆ; ಅದಕ್ಕೆ ಅನುಮತಿ ಬೇಕು. ಬಹಳ ಚರ್ಚುಗಳು ಇದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. 1970ರ ದಶಕದಲ್ಲಿ ಪ್ರಕಾಶನ ಸಂಸ್ಥೆಯೊಂದು ಶಿಕಾಗೊದ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯದ (ಆರ್ಚ್‌ಡಯಾಸಿಸ್) ಮೇಲೆ ದಾವೆ ಹೂಡಿತು. 1984ರಲ್ಲಿ ಜ್ಯೂರಿ 30 ಲಕ್ಷ ಡಾಲರಿಗೂ ಮಿಕ್ಕಿದ ಪರಿಹಾರ ಹೇಳಿದಾಗ ಚರ್ಚುಗಳೆಲ್ಲ ಎಚ್ಚೆತ್ತವು. ಕಾನೂನು ಮುರಿಯದೆ ಹಾಡುವ ಸುಲಭ ದಾರಿ ಬೇಕಿತ್ತು. ಆ ಅಗತ್ಯದಿಂದ 1988ರಲ್ಲಿ ಒರೆಗಾನ್‌ನ ಪೋರ್ಟ್‌ಲ್ಯಾಂಡಿನಲ್ಲಿ, ಚರ್ಚುಗಳಿಗೆ ಹಾಡು ಬಳಸುವ ಪರವಾನಗಿ ಕೊಡುವ ಸಿಸಿಎಲ್‌ಐ ಎಂಬ ಸಂಸ್ಥೆ ಶುರುವಾಯಿತು.

ವ್ಯವಸ್ಥೆ ಸರಳ. ಚರ್ಚ್ ತನ್ನ ಸಭೆಯ ಗಾತ್ರಕ್ಕೆ ತಕ್ಕಂತೆ ವರ್ಷಕ್ಕೊಮ್ಮೆ ಶುಲ್ಕ ಕಟ್ಟುತ್ತದೆ. ಪಟ್ಟಿಯಲ್ಲಿರುವ ಲಕ್ಷಾಂತರ ಹಾಡುಗಳ ಸಾಲುಗಳನ್ನು ಮುದ್ರಿಸಲು, ತೋರಿಸಲು ಅದಕ್ಕೆ ಅನುಮತಿ ಸಿಗುತ್ತದೆ. ಯಾವ್ಯಾವ ಹಾಡು ಬಳಸಿದೆವು ಎಂದು ಚರ್ಚ್ ವರದಿ ಕೊಡುತ್ತದೆ. ಆ ವರದಿಗಳ ಪ್ರಕಾರ ಹಣ ಹಂಚಿಕೆಯಾಗುತ್ತದೆ. ಇಂತಹ ಚರ್ಚಿನಲ್ಲಿ ಕುಳಿತು ಪರದೆಯ ಕೆಳಭಾಗ ನೋಡಿದರೆ, ಹಾಡಿನ ಮೊದಲ ಅಥವಾ ಕೊನೆಯ ಚಿತ್ರದ ಅಡಿಯಲ್ಲಿ ಕಣ್ಣು ಕಿರಿದು ಮಾಡಿ ಓದಬೇಕಾದ ಒಂದು ಸಾಲು ಇರುತ್ತದೆ: ಹಾಡಿನ ಹೆಸರು, ಬರೆದವರು, ವರ್ಷ, ಪ್ರಕಾಶಕರು, ಆಮೇಲೆ ಆ ಚರ್ಚಿನ ಪರವಾನಗಿ ಸಂಖ್ಯೆ. ಹಾಡುವವರು ಅದನ್ನು ಓದುವುದೇ ಇಲ್ಲ. ಬರೆದವರ ಮನೆ ಬಾಡಿಗೆ ಕಟ್ಟುವುದು ಆ ಸಾಲೇ.

ಜಗತ್ತಿನಾದ್ಯಂತ 2 ಲಕ್ಷಕ್ಕೂ ಹೆಚ್ಚು ಚರ್ಚುಗಳು ಈ ಪರವಾನಗಿ ಪಡೆದಿವೆ. ಮಾರ್ಟಿನ್ ಸ್ಮಿತ್ ಬರೆದ ‘ಐ ಕುಡ್ ಸಿಂಗ್ ಆಫ್ ಯುವರ್ ಲವ್ ಫಾರೆವರ್’ ಆ ಕ್ಯಾಸೆಟ್‌ಗಳ ಕಾಲದ್ದು. ಅಮೆರಿಕದ ಸಾನಿಕ್‌ಫ್ಲಡ್ ಬ್ಯಾಂಡ್ 1999ರಲ್ಲಿ ಅದನ್ನು ಹಾಡಿತು. ಡಿಲೀರಿಯಸ್? ಹೆಸರನ್ನೇ ಕೇಳದ ಸಭೆಗಳೂ ಆ ಹಾಡನ್ನು ಬಾಯಿಪಾಠ ಮಾಡಿಕೊಂಡವು. ಬ್ಯಾಂಡ್ ರಸ್ತೆಯ ಮೇಲಿದ್ದರೂ ಮನೆಯಲ್ಲಿದ್ದರೂ, ರೇಡಿಯೊ ಹಾಕಿದರೂ ಬಿಟ್ಟರೂ, ಭಾನುವಾರ ಬರುತ್ತದೆ, ಹಾಡು ಹಾಡಲ್ಪಡುತ್ತದೆ. ಬೇರೆ ಯಾವ ರಾಕ್ ಪ್ರಕಾರದಲ್ಲೂ ಕೇಳುಗರೇ ವಾರ ವಾರ ಎದ್ದು ನಿಂತು ಹಾಡಿ ಬರೆದವರಿಗೆ ಆದಾಯ ತರುವ ಏರ್ಪಾಡಿಲ್ಲ. ಸ್ಟ್ರೀಮಿಂಗ್ ಜೊತೆ ಹೋಲಿಸಿದರೆ ಇದರ ಬೆಲೆ ಗೊತ್ತಾಗುತ್ತದೆ: 2024ರಿಂದ ಸ್ಪಾಟಿಫೈಯಲ್ಲಿ ವರ್ಷಕ್ಕೆ 1,000 ಸಲವಾದರೂ ಕೇಳಿಸಿಕೊಳ್ಳದ ಧ್ವನಿಮುದ್ರಣಕ್ಕೆ ರಾಯಲ್ಟಿಯೇ ಇಲ್ಲ.

ಈ ಆದಾಯ ಹಾಡಿನ ಆಕಾರವನ್ನೂ ಬದಲಿಸುತ್ತದೆ. ಸಭೆ ಹಾಡಬೇಕಾದರೆ ರಾಗ ಎಲ್ಲರ ಗಂಟಲಿಗೂ ನಿಲುಕಬೇಕು, ತೀರಾ ಮೇಲೆ ಹೋಗಬಾರದು. ಪಲ್ಲವಿ ಒಂದೇ ಕೇಳುವಿಕೆಗೆ ನೆನಪಾಗಬೇಕು. ‘ನಾನು’ ಎನ್ನುವುದು ಹಾಡುಗಾರನ ನೋವಾಗದೆ ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಮಾತಾಗಬೇಕು. ಸಂಶಯ, ಸಿಟ್ಟು, ಒಂಟಿತನ, ಸಾವಿನ ಮನೆಯ ಮಾತು ಇಂಥದ್ದಕ್ಕೆ ಜಾಗ ಕಡಿಮೆ. ಬೈಬಲ್ಲಿನ ಕೀರ್ತನೆಗಳಲ್ಲಿ ಇವೆಲ್ಲ ಧಾರಾಳವಾಗಿವೆ ಎಂಬುದನ್ನು ಮರೆಯಬಾರದು. ಡಿಲೀರಿಯಸ್? 1999ರಲ್ಲಿ ಗಟ್ಟಿ ರಾಕ್ ಕಡೆ ದೂರ ಹೋದ ಆಲ್ಬಮ್ ತಂದು, 2000ದಲ್ಲಿ ಮತ್ತೆ ಆರಾಧನಾ ಗೀತೆಗಳ ಆಲ್ಬಮ್‌ಗೆ ಮರಳಿತು. ವೃತ್ತಿಯುದ್ದಕ್ಕೂ ಈ ಎರಡು ದಡಗಳ ನಡುವೆ ಅವರ ಓಡಾಟ ಕಾಣುತ್ತದೆ. ಅಮೆರಿಕದ ಹೆಸರಾಂತ ರಾಕ್ ಬ್ಯಾಂಡ್ ಬಾನ್ ಜೋವಿಯ ಕಾರ್ಯಕ್ರಮಕ್ಕೆ ಮುಂಚೆ ಕ್ರೀಡಾಂಗಣದಲ್ಲಿ ನುಡಿಸಿದ ಬ್ಯಾಂಡೂ ಅದೇ, ಚರ್ಚಿನ ಕೂಟದಲ್ಲಿ ಕಣ್ಣು ಮುಚ್ಚಿ ಹಾಡಿಸಿದ ಬ್ಯಾಂಡೂ ಅದೇ.

ರೇಡಿಯೊ ಮತ್ತು ಪಾಸ್ಟರ್

ಅಮೆರಿಕದಲ್ಲಿ ಕ್ರೈಸ್ತ ರೇಡಿಯೊ ದೊಡ್ಡ ಶಕ್ತಿ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದೇ ಕೇಂದ್ರವಾಗಿ ಶುರುವಾದ ಕೆ-ಲವ್ ಇಂದು ದೇಶದ ಉದ್ದಗಲಕ್ಕೂ ನೂರಾರು ಕೇಂದ್ರಗಳ ಜಾಲ. ಅದು ಜಾಹೀರಾತಿನಿಂದ ನಡೆಯುವುದಿಲ್ಲ, ಕೇಳುಗರ ದೇಣಿಗೆಯಿಂದ ನಡೆಯುತ್ತದೆ. ಕೇಳಲು ಚೆನ್ನಾಗಿರುವ ಈ ಮಾತಿನ ಪರಿಣಾಮ ಮಾತ್ರ ಗಂಭೀರ. ದೇಣಿಗೆ ಕೊಡುವವರಿಗೆ ಬೇಸರವಾಗುವ ಹಾಡನ್ನು ಹಾಕುವ ಧೈರ್ಯ ಬರುವುದು ಕಷ್ಟ. ಮಕ್ಕಳನ್ನು ಶಾಲೆಗೆ ಬಿಡಲು ಕಾರಿನಲ್ಲಿ ಹೊರಟ ನಡುವಯಸ್ಸಿನ ತಾಯಿಯೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೇಂದ್ರಗಳು ಹಾಡು ಆರಿಸುತ್ತವೆ. ಉದ್ಯಮದವರು ಆ ಕಾಲ್ಪನಿಕ ಕೇಳುಗಳಿಗೆ ಬೆಕಿ ಎಂದು ಹೆಸರನ್ನೂ ಇಟ್ಟಿದ್ದಾರೆ. ಬೆಕಿಗೆ ಸಾಂತ್ವನ ಬೇಕು, ಖುಷಿ ಬೇಕು. ಕೊನೆಗೂ ಉತ್ತರ ಸಿಗದ ಹಾಡಿಗೆ ಈ ಪಟ್ಟಿಯಲ್ಲಿ ದಾರಿ ಕಿರಿದು. ಪಟ್ಟಿಯೂ ಚಿಕ್ಕದು, ಒಂದು ಹಾಡು ಒಳಗೆ ಬಂದರೆ ತಿಂಗಳುಗಟ್ಟಲೆ ಕದಲುವುದಿಲ್ಲ. ಇನ್ನೊಂದು ಸಂಗತಿ: ಅಮೆರಿಕದಲ್ಲಿ ಎಎಂ-ಎಫ್‌ಎಂ ರೇಡಿಯೊ ಹಾಡು ಬರೆದವರಿಗೆ ರಾಯಲ್ಟಿ ಕೊಡುತ್ತದೆ, ಹಾಡಿದವರಿಗೆ, ನುಡಿಸಿದವರಿಗೆ ಕೊಡುವುದಿಲ್ಲ. ಸ್ವತಂತ್ರ ಬ್ಯಾಂಡಿನಲ್ಲಿ ಹಾಡು ಬರೆಯುವವರು ಒಬ್ಬಿಬ್ಬರೇ ಆಗಿದ್ದರೆ, ರೇಡಿಯೊದಲ್ಲಿ ಗೆದ್ದ ವರ್ಷವೂ ಡ್ರಮ್ಸ್ ನುಡಿಸುವವರ ಕೈ ಬರಿದಾಗಿರಬಹುದು. ರಚನೆಯ ಪಾಲನ್ನು ಎಲ್ಲರೂ ಹಂಚಿಕೊಳ್ಳುವ ಒಪ್ಪಂದ ಮೊದಲ ದಿನವೇ ಬರೆದುಕೊಂಡ ಬ್ಯಾಂಡುಗಳಿಗೆ ಬಾಳಿಕೆ ಹೆಚ್ಚು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಕಾರ್ಯಕ್ರಮದ ಜಾಗ. ಬಾರು, ಕ್ಲಬ್ಬುಗಳಲ್ಲಿ ನುಡಿಸುವ ಬ್ಯಾಂಡ್ ಟಿಕೆಟ್ಟಿನ ಪಾಲಿಗೆ ಕಾಯಬೇಕು, ಟೀ-ಶರ್ಟು ಮಾರಿದ್ದಕ್ಕೂ ಎಷ್ಟೋ ಕಡೆ ಮಾಲೀಕನಿಗೆ ಕಮಿಷನ್ ಕೊಡಬೇಕು. ಚರ್ಚಿನಲ್ಲಿ ಸಭಾಂಗಣ ಇದೆ, ಸ್ಪೀಕರುಗಳಿವೆ, ಕುರ್ಚಿ ಹಾಕಲು ಸ್ವಯಂಸೇವಕರಿದ್ದಾರೆ, ಉಳಿದುಕೊಳ್ಳಲು ಸಭೆಯವರ ಮನೆಯಲ್ಲೇ ಒಂದು ಕೋಣೆ ಸಿಗುತ್ತದೆ. ಸಂಭಾವನೆ ಮೊದಲೇ ಗೊತ್ತುಮಾಡಿದ್ದಿರಬಹುದು, ಇಲ್ಲವೇ ಕಾರ್ಯಕ್ರಮದ ನಡುವೆ ಎತ್ತುವ ಕಾಣಿಕೆ ಆಗಿರಬಹುದು. ಕಾಣಿಕೆಯ ರಾತ್ರಿಗಳಲ್ಲಿ ಎಷ್ಟು ಬರುತ್ತದೆ ಎಂದು ಬುಟ್ಟಿ ಎಣಿಸುವ ತನಕ ಯಾರಿಗೂ ಗೊತ್ತಿಲ್ಲ. ವ್ಯಾನಿನ ಡೀಸೆಲ್ಲಿಗೆ ಆಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಕೊನೆಯ ಹಾಡು ಹಾಡಬೇಕು. ಹೊರಗಿನ ಮೇಜಿನ ಮೇಲಿನ ಸಿಡಿಗಳು ಆಗ ಆಸರೆಗೆ ಬರುತ್ತವೆ. ಅಚ್ಚು ಹಾಕಿಸಲು ಒಂದೆರಡು ಡಾಲರ್ ತಗಲುವ ಸಿಡಿ ಹತ್ತು-ಹದಿನೈದು ಡಾಲರಿಗೆ ಹೋಗುತ್ತದೆ. ಸ್ವಂತ ಲೇಬಲ್ಲಿನ ಬ್ಯಾಂಡಿಗೆ ಆ ವ್ಯತ್ಯಾಸ ಪೂರ್ತಿ ದಕ್ಕುತ್ತದೆ.

ಆದರೆ ಕರೆದ ಪಾಸ್ಟರ್ ಬೇಡವೆನ್ನಲೂಬಹುದು. ಗುಂಗೋರ್ ಎಂಬ ಬ್ಯಾಂಡಿನ ಮೈಕಲ್ ಗುಂಗೋರ್, ಬೈಬಲ್ಲಿನ ಆದಿಕಾಂಡದ ಕಥೆಗಳನ್ನು ತಾನು ಅಕ್ಷರಶಃ ಓದುವುದಿಲ್ಲ ಎಂದು ಬರೆದದ್ದು 2014ರಲ್ಲಿ ದೊಡ್ಡ ಗದ್ದಲವಾಯಿತು. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನು ಕೆಲವು ಚರ್ಚುಗಳು ರದ್ದು ಮಾಡಿದವು. ಅದೇ ವರ್ಷ ಜಾರ್ಸ್ ಆಫ್ ಕ್ಲೇ ಹಾಡುಗಾರ ಡ್ಯಾನ್ ಹ್ಯಾಸಲ್ಟೈನ್ ಸಲಿಂಗ ವಿವಾಹದ ಬಗ್ಗೆ ಟ್ವಿಟರ್‌ನಲ್ಲಿ ಕೇಳಿದ ಪ್ರಶ್ನೆಗಳಿಗೂ ಕೇಳುಗರಿಂದ ಸಿಟ್ಟು ಎದುರಾಯಿತು. ಆಗ ಜಾರ್ಸ್ ಆಫ್ ಕ್ಲೇ ದೊಡ್ಡ ಲೇಬಲ್ ಬಿಟ್ಟು ತಮ್ಮದೇ ಲೇಬಲ್ ಕಟ್ಟಿಕೊಂಡು ವರ್ಷಗಳಾಗಿದ್ದವು. ಸ್ವಂತ ಲೇಬಲ್ ಇದ್ದದ್ದರಿಂದ ಹಾಡು ಹೊರತರುವುದನ್ನು ಯಾರೂ ತಡೆಯಲಾಗಲಿಲ್ಲ. ರೇಡಿಯೊವನ್ನು, ಸಭಾಂಗಣವನ್ನು ಅದು ಕಾಯಲಾರದು. ಚರ್ಚಿಗೂ ತನ್ನ ವೇದಿಕೆಯ ಮೇಲೆ ಯಾರು ನಿಲ್ಲಬೇಕೆಂದು ಆರಿಸುವ ಹಕ್ಕಿದೆ, ಅದನ್ನು ತಪ್ಪೆನ್ನಲು ಬಾರದು. ಆದರೂ ಪ್ರಶ್ನೆ ಕೇಳಿದ ಮಾತ್ರಕ್ಕೆ ಹಾಡುಗಾರನ ಅನ್ನಕ್ಕೆ ಕಲ್ಲು ಬೀಳುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹೆಸರು, ವಿಳಾಸ, ನಂಬಿಕೆ

ಈ ಎಲ್ಲ ಬಾಗಿಲುಗಳನ್ನೂ ಬಳಸದೆ ಕೇಳುಗರನ್ನು ನೇರವಾಗಿ ತಲುಪುವ ದಾರಿ ಇಂಟರ್ನೆಟ್ಟಿನೊಂದಿಗೆ ಬಂತು. ಕೇಡ್ಮನ್ಸ್ ಕಾಲ್ ಬ್ಯಾಂಡಿನಲ್ಲಿದ್ದ ಡೆರೆಕ್ ವೆಬ್ 2006ರಲ್ಲಿ ತಮ್ಮ ಆಲ್ಬಮ್ಮನ್ನು ಆನ್‌ಲೈನಿನಲ್ಲಿ ಬಿಟ್ಟಿಯಾಗಿ ಕೊಟ್ಟರು. ಬದಲಿಗೆ ಕೇಳಿದ್ದು ಇಮೇಲ್ ವಿಳಾಸ ಮತ್ತು ಪಿನ್‌ಕೋಡ್, ಜೊತೆಗೆ ಒಂದಷ್ಟು ಗೆಳೆಯರ ಇಮೇಲ್. ಮೂರು ತಿಂಗಳಲ್ಲಿ ಸುಮಾರು 80,000 ಮಂದಿ ಇಳಿಸಿಕೊಂಡರು. ಪಿನ್‌ಕೋಡ್ ಯಾಕೆಂದರೆ, ಯಾವ ಊರಿನಲ್ಲಿ ಎಷ್ಟು ಕೇಳುಗರಿದ್ದಾರೆ ಎಂದು ತಿಳಿದರೆ ಅಲ್ಲಿಗೇ ವ್ಯಾನು ತಿರುಗಿಸಬಹುದು, ಬರುವ ಮುಂಚೆ ಅವರಿಗೇ ಒಂದು ಪತ್ರ ಹಾಕಬಹುದು. ಯಾವ ಕಂಪನಿಯೂ ಬ್ಯಾಂಡಿಗೆ ಇಂತಹ ಪಟ್ಟಿ ಕೊಡುತ್ತಿರಲಿಲ್ಲ. ಇದೇ ಯೋಚನೆಯ ಮೇಲೆ 2008ರಲ್ಲಿ ನಾಯ್ಸ್‌ಟ್ರೇಡ್ ಎಂಬ ತಾಣ ಹುಟ್ಟಿ ಸಾವಿರಾರು ಸ್ವತಂತ್ರ ಕಲಾವಿದರಿಗೆ ನೆರವಾಯಿತು.

ಕೊಲೊರಾಡೊದ ಡೆನ್ವರಿನ ಫೈವ್ ಐರನ್ ಫ್ರೆಂಜಿ 2003ರಲ್ಲಿ ನಿಂತುಹೋಗಿದ್ದ ಬ್ಯಾಂಡ್. ತುತ್ತೂರಿ-ಟ್ರಂಬೋನ್‌ಗಳ ಸ್ಕಾ ಶೈಲಿ, ಹಾಸ್ಯ, ಅದರ ನಡುವೆ ಬಡವರ ಪರವಾದ ಕಟು ಮಾತು ಅವರ ಗುರುತು. 2011ರ ನವೆಂಬರಿನಲ್ಲಿ ಮತ್ತೆ ಒಂದಾಗಿ ಹೊಸ ಆಲ್ಬಮ್ಮಿಗೆ, ಜನರಿಂದ ಮುಂಚಿತವಾಗಿ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಎಂಬ ತಾಣದಲ್ಲಿ 30,000 ಡಾಲರ್ ಕೇಳಿದರು. ಅಷ್ಟು ಹಣ ಒಂದು ಗಂಟೆಯೊಳಗೆ ಸೇರಿತು. ಗಡುವು ಮುಗಿದಾಗ ಬಂದಿದ್ದು 2 ಲಕ್ಷ ಡಾಲರಿಗೂ ಹೆಚ್ಚು. ಎಂಟು ವರ್ಷ ನಿಂತುಹೋಗಿದ್ದ ಬ್ಯಾಂಡಿನ ಮೇಲೆ, ಇನ್ನೂ ಬಾರದ ಆಲ್ಬಮ್ಮಿಗಾಗಿ ಇಟ್ಟ ನಂಬಿಕೆ ಅದು. ಆಲ್ಬಮ್ 2013ರಲ್ಲಿ ಬಂತು. ಸಾಲವೂ ಇಲ್ಲ, ಯಾರಿಗೂ ಮಾಸ್ಟರ್ ಬರೆದುಕೊಡಬೇಕಾಗಲೂ ಇಲ್ಲ.

ಮಾಸ್ಟರ್ ಕಳೆದುಕೊಂಡವರು ಏನು ಮಾಡಬೇಕು? ಸ್ಯಾನ್ ಡಿಯಾಗೊದ ಸ್ವಿಚ್‌ಫುಟ್ ಬ್ಯಾಂಡ್ 2003ರಲ್ಲಿ ತಂದ ಆಲ್ಬಮ್ ಅಮೆರಿಕದಲ್ಲೇ 20 ಲಕ್ಷಕ್ಕೂ ಹೆಚ್ಚು ಹೋಯಿತು. 2007ರಲ್ಲಿ ಕೊಲಂಬಿಯಾ ರೆಕಾರ್ಡ್ಸ್ ಬಿಟ್ಟು ತಮ್ಮದೇ ಲೇಬಲ್, ತಮ್ಮದೇ ಸ್ಟುಡಿಯೊ ಕಟ್ಟಿಕೊಂಡರು. ಆಲ್ಬಮ್ಮಿಗೆ 20 ವರ್ಷ ತುಂಬಿದಾಗ, 2023ರಲ್ಲಿ, ಮೊದಲಿಂದ ಕೊನೆಯವರೆಗೆ ಎಲ್ಲ ಹಾಡುಗಳನ್ನೂ ಮತ್ತೆ ಹಾಡಿ ಮುದ್ರಿಸಿ ‘ನಮ್ಮ ಆವೃತ್ತಿ’ ಎಂದು ಹೊರತಂದರು. ಸಿನಿಮಾದವರೋ ಜಾಹೀರಾತಿನವರೋ ಹಾಡು ಕೇಳಿಕೊಂಡು ಬಂದರೆ ಕೊಡಲು ಈಗ ಅವರ ಕೈಯಲ್ಲೇ ಒಂದು ಮಾಸ್ಟರ್ ಇದೆ.

ಇನ್ನೊಂದು ದಾರಿ ಕಾನೂನಿನಲ್ಲೇ ಇದೆ, ಅದರ ಸಮಯ ಈಗ ಹತ್ತಿರ ಬಂದಿದೆ. ಅಮೆರಿಕದ ಕಾಪಿರೈಟ್ ಕಾನೂನಿನ ಪ್ರಕಾರ, 1978ರಿಂದೀಚೆಗೆ ಹಕ್ಕು ಬರೆದುಕೊಟ್ಟ ರಚನೆಕಾರರು ಸುಮಾರು 35 ವರ್ಷದ ನಂತರ ಆ ಹಕ್ಕನ್ನು ಹಿಂದಕ್ಕೆ ಕೇಳಬಹುದು. ಕರಾರಿನಲ್ಲಿ ಏನೇ ಬರೆದಿದ್ದರೂ ಈ ಅವಕಾಶ ಹೋಗುವುದಿಲ್ಲ. 1995ರ ಸುಮಾರಿಗೆ ಕೈ ಬಿಟ್ಟುಹೋದ ಹಾಡುಗಳ ಸರದಿ 2030ರ ಸುಮಾರಿಗೆ ಬರುತ್ತದೆ. ಧ್ವನಿಮುದ್ರಣಗಳ ವಿಷಯದಲ್ಲಿ, ಅವು ಕಂಪನಿ ಸಂಬಳ ಕೊಟ್ಟು ಮಾಡಿಸಿದ ಕೆಲಸವೇ ಅಲ್ಲವೇ ಎಂಬ ತಕರಾರು ಇನ್ನೂ ನಡೆದೇ ಇದೆ. ಸಾಹಿತ್ಯ-ರಾಗದ ವಿಷಯದಲ್ಲಿ ದಾರಿ ಹೆಚ್ಚು ಸ್ಪಷ್ಟ. ಆದರೆ ಹಕ್ಕು ತಾನಾಗಿ ಮರಳುವುದಿಲ್ಲ. ಗೊತ್ತುಮಾಡಿದ ದಿನಕ್ಕೆ ಕನಿಷ್ಠ ಎರಡು ವರ್ಷ ಮೊದಲು ಲಿಖಿತ ನೋಟಿಸ್ ಕೊಡಬೇಕು, ಅದನ್ನು ಕಾಪಿರೈಟ್ ಕಚೇರಿಯಲ್ಲಿ ದಾಖಲಿಸಬೇಕು. ಅಂದರೆ ತೊಂಬತ್ತರ ದಶಕದ ನಡುಭಾಗದಲ್ಲಿ ಹಾಡು ಬರೆದುಕೊಟ್ಟ ಅಮೆರಿಕದ ಕ್ರೈಸ್ತ ಬ್ಯಾಂಡುಗಳವರು ಹಳೆಯ ಕರಾರು ಪತ್ರ ಹುಡುಕಿ ತೆಗೆದು ವಕೀಲರ ಬಳಿ ಹೋಗಬೇಕಾದ ವರ್ಷಗಳು ಇವೇ.